ಜೋಗಪ್ಪ ಸಂಪ್ರದಾಯವೂ ವಿದ್ಯಾಶಾಲೆಯೂ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ನೆರೆಯುವ ಜಾತ್ರೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಭಕ್ತರು ಹೋಗಿಬರುವುದು ಬಹುಕಾಲದ ರೂಢಿ. ಅಲ್ಲಿ ಕಾಣಬರುವ ಜೋಗಪ್ಪಗಳ ಸಂಪ್ರದಾಯವು ಧರ್ಮೇತಿಹಾಸಕ್ಕೆ ಮಾತ್ರವಲ್ಲದೆ ಈ ಸೀಮೆಯ ವಿದ್ಯಾಭ್ಯಾಸದ ಇತಿಹಾಸಕ್ಕೂ ಸಂಬಂಧಪಟ್ಟುದು.

ಗಂಡಾಗಿ ಹುಟ್ಟಿ, ದೇವಿಯು ಮೈಮೇಲೆ ಬಂದಳೆಂಬ ನಂಬಿಕೆಯಿಂದ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆಯ ಮೇಳದೊಡನೆ ದೇವಿಯ ಕೊಡವನ್ನು ತಲೆಯ ಮೇಲೆ ಹೊತ್ತು ಆಡುವವರು ಜೋಗಪ್ಪರು. ಹೆಣ್ಣಿನ ನಡೆನುಡಿಯುಳ್ಳ ಬಾಲಕನಿಗೆ ಸಮಾಜವು ಗೌರವದಿಂದ ತೋರಿಸುತ್ತಿದ್ದ ಹಾದಿ ಇದೇ. ಆದರೆ ಆ ಗೌರವವು ಮಂಗಳವಾರ ಶುಕ್ರವಾರಗಳ ಜೋಗಕ್ಕೆ ಮೀಸಲಾದುದು. ಪಾಠಶಾಲೆಯ ಮಣೆಯವರೆಗೆ ಅದು ಬರಲಿಲ್ಲ. ಹೆಣ್ಣಾಗಿ ಹುಟ್ಟಿ ಗಂಡೆಂದು ತಮ್ಮನ್ನು ತಿಳಿದವರಿಗಾದರೋ ಈ ಸಂಪ್ರದಾಯದಲ್ಲಿ ಹೆಸರೇ ಇಲ್ಲ.

ಕಾನೂನಿನ ಚರಿತ್ರೆಯೂ ಇಂತಹುದೇ. ಮುಂಬಯಿ ಸರಕಾರವು 1934ರಲ್ಲಿ ದೇವದಾಸಿಯರ ರಕ್ಷಣೆಗೆ ಶಾಸನ ಮಾಡಿದಾಗ ಬೀಳಗಿಯು ಬ್ರಿಟಿಷ್ ಬಿಜಾಪುರ ಜಿಲ್ಲೆಯಲ್ಲಿದ್ದಿತು. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದುದರಿಂದ ಆ ಶಾಸನವು ತಾನಾಗಿ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಮುಂದೆ 1982ರ ಕರ್ನಾಟಕದ ಶಾಸನವು ಬಂದಿತು. ಅದರ ನಿರೂಪಣೆಯಂತೆ ದೇವದಾಸಿ ಎಂದರೆ ಸಮರ್ಪಿತಳಾದ ಸ್ತ್ರೀ. ಆದ್ದರಿಂದ ಮುತ್ತು ಕಟ್ಟಿಸಿಕೊಂಡ ಬಾಲಕನು ಆ ನಿರೂಪಣೆಯ ಹೊರಗೇ ಉಳಿದನು. ಹೀಗೆ ದೇವಾಲಯವು ಕಂಡ ಮಗುವನ್ನು ಶಾಸನವು ಕಾಣಲಿಲ್ಲ.

ಇದರ ಫಲವನ್ನು 2011ರ ಜನಗಣತಿಯು ತೋರಿಸುತ್ತದೆ. ಗಂಡು ಹೆಣ್ಣುಗಳಲ್ಲದ ‘ಇತರ’ರೆಂದು ದೇಶದಲ್ಲಿ 4,87,803 ಜನರೂ ಕರ್ನಾಟಕದಲ್ಲಿ 20,266 ಜನರೂ ಎಣಿಕೆಗೆ ಬಂದರು. ದೇಶದ ಸಾಕ್ಷರತೆಯು ನೂರಕ್ಕೆ 74ರಷ್ಟಿದ್ದಾಗ ಇವರಲ್ಲಿ ಅದು ಸುಮಾರು 56 ಮಾತ್ರ.

ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜಮ್ಮ ಜೋಗತಿಯವರ ಚರಿತ್ರೆಯು ಇದಕ್ಕೆ ನಿದರ್ಶನ. ಅವರ ಓದು ಪ್ರೌಢಶಾಲೆಯಿಂದ ಮುಂದೆ ಸಾಗಲಿಲ್ಲ. ಹುಲಿಗಿಯಲ್ಲಿ ದೀಕ್ಷೆಯಾಯಿತು, ಮನೆ ತಪ್ಪಿತು, ಭಿಕ್ಷೆಯೇ ಗತಿಯಾಯಿತು. ಜೋಗತಿ ನೃತ್ಯವನ್ನು ಕಲಿತು ಬೆಳಗಿದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಈ ಕೀರ್ತಿಯು ಶಾಲೆಯ ದೆಸೆಯಿಂದ ಬಂದುದಲ್ಲ, ಶಾಲೆಯು ಕೈಬಿಟ್ಟ ಮೇಲೆ ಬಂದುದು. ಅಂತಹ ಪ್ರತಿಭೆಯಾಗಲಿ ದೈವವಾಗಲಿ ಒದಗದವರ ಗತಿಯನ್ನು ಓದುಗರೇ ಊಹಿಸಬಹುದು.

ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಇವರ ಲಿಂಗತ್ವವನ್ನು ಅಂಗೀಕರಿಸಿ, ವಿದ್ಯಾಸಂಸ್ಥೆಗಳ ಪ್ರವೇಶದಲ್ಲಿ ಇವರನ್ನು ಹಿಂದುಳಿದ ವರ್ಗವಾಗಿ ಕಾಣಬೇಕೆಂದು ವಿಧಿಸಿತು. ಕರ್ನಾಟಕವು 2017ರಲ್ಲಿ ತನ್ನದೇ ನೀತಿಯನ್ನು ಅಂಗೀಕರಿಸಿತು. 2019ರ ಕೇಂದ್ರ ಶಾಸನವು ಶಾಲೆಗಳಲ್ಲಿ ಭೇದವನ್ನು ನಿಷೇಧಿಸಿ, ಓದಿನಲ್ಲಿಯೂ ಆಟದಲ್ಲಿಯೂ ಸಮಾನ ಅವಕಾಶವನ್ನು ಹೇಳಿತು. 2021ರಲ್ಲಿ ರಾಜ್ಯದ ನೌಕರಿಗಳಲ್ಲಿ ಶೇಕಡ 1ರ ಮೀಸಲಾತಿಯಾಯಿತು. ಮರುವರ್ಷ ಪ್ರಾಥಮಿಕ ಶಾಲಾ ಶಿಕ್ಷಕರ ಆಯ್ಕೆಯ ಪಟ್ಟಿಯಲ್ಲಿ ಈ ವರ್ಗದ ಮೂವರ ಹೆಸರುಗಳು ಕಾಣಿಸಿಕೊಂಡುವು. ಆದರೆ ಶಿಕ್ಷಕರಿಗಾಗಿ 2021ರಲ್ಲಿಯೇ ರಾಷ್ಟ್ರೀಯ ಶಿಕ್ಷಣ ಸಂಶೋಧನ ಸಂಸ್ಥೆಯು ಪ್ರಕಟಿಸಿದ ಕೈಪಿಡಿಯು ಆಕ್ಷೇಪಗಳು ಬಂದೊಡನೆ ಹಿಂತೆಗೆಯಲ್ಪಟ್ಟಿತೆಂಬುದನ್ನೂ ಮರೆಯಲಾಗದು. ಶಾಸನವು ಬಾಗಿಲನ್ನು ತೆರೆಯಬಲ್ಲುದು. ಹಾಜರಿ ಪುಸ್ತಕದ ಹೆಸರು, ಶೌಚಗೃಹ, ಸಹಪಾಠಿಗಳ ಗೇಲಿ — ಇವನ್ನು ತಿದ್ದುವ ಭಾರವು ಉಪಾಧ್ಯಾಯರದು.

ವಿರಾಟನ ಮಗಳಿಗೆ ನಾಟ್ಯವನ್ನು ಕಲಿಸಿದ ಬೃಹನ್ನಳೆಯನ್ನು ಗುರುವೆಂದೇ ಕನ್ನಡ ಕಾವ್ಯಗಳು ಕಂಡಿವೆ. ನೇಕಾರನಾದ ಜೇಡರ ದಾಸಿಮಯ್ಯನು ದೇಹದ ಚಿಹ್ನೆಗಳ ನಡುವೆ ಸುಳಿಯುವ ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ವಚನದಲ್ಲಿ ಸಾರಿದನು. ನೇಕಾರರ ಊರುಗಳಾದ ರಬಕವಿ-ಬನಹಟ್ಟಿಗಳಿಗೆ ಈ ಮಾತು ಹೊಸದಲ್ಲ. ಗುಡ್ಡದ ಮೇಲೆ ಕೈಮುಗಿಸಿಕೊಳ್ಳುವ ಜೀವಕ್ಕೆ ಊರ ಶಾಲೆಯಲ್ಲಿ ಕುಳಿತು ಓದುವ ಹಕ್ಕೂ ಉಂಟೆಂಬುದನ್ನು ಈ ಸೀಮೆಯು ತನ್ನ ಪರಂಪರೆಯಿಂದಲೇ ಒಪ್ಪಬಹುದಾಗಿದೆ.