ಗಾಳಿ ಅಂದ್ರೂ ಅದೇ, ಸ್ಪಿರಿಟ್ ಅಂದ್ರೂ ಅದೇ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಅಜ್ಜಿಯರು 'ಅವಳಿಗೆ ಗಾಳಿ ಮೆಟ್ಟೈತೆ' ಅಂದ್ರೆ ನಗು ಬರುತ್ತಾ? ತಡೀರಿ. ಇಂಗ್ಲಿಷಿನ 'ಸ್ಪಿರಿಟ್' ಹುಟ್ಟಿದ್ದು ಲ್ಯಾಟಿನ್ನಿನ 'ಸ್ಪಿರಿಟಸ್'ನಿಂದ; ಅರ್ಥ ಉಸಿರು, ಗಾಳಿ. ಉಸಿರು ನಿಂತರೆ ಜೀವ ಹೋಯ್ತು. ಹಾಗಾಗಿ ಆ ಪದ ಆತ್ಮಕ್ಕೂ ಬಂತು, ದೆವ್ವಕ್ಕೂ ಬಂತು. ಬಟ್ಟಿ ಇಳಿಸುವಾಗ ಏಳುವ ಆವಿಗೂ ರಸವಾದಿಗಳು ಅದೇ ಹೆಸರಿಟ್ಟರು. ಇಂಜೆಕ್ಷನ್‌ಗೆ ಮುಂಚೆ ಹಚ್ಚೋ ಸ್ಪಿರಿಟ್‌ಗೆ ಹೆಸರು ಬಂದದ್ದು ಹೀಗೆ.

ಅಂದರೆ ಅಜ್ಜಿಯ ಮಾತಿನ ಹಿಂದೆಯೂ ರೋಮನ್ನರ ಮಾತಿನ ಹಿಂದೆಯೂ ಇರೋದು ಒಂದೇ ಕಲ್ಪನೆ. ಪದ ಉಳೀಲಿ. ಆದರೆ 'ಗಾಳಿ ಬಿಡಿಸ್ತೀವಿ' ಅಂತ ಹೊಡೆಯೋದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯಲ್ಲಿ ಅಪರಾಧ, 2020ರಿಂದ ಜಾರಿಯಲ್ಲಿದೆ. ನಿಮ್ಮ ಗೆಳತಿಗೆ ಯಾರಾದ್ರೂ ಹಾಗಂದ್ರೆ, ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ.