ಅಜ್ಜಿಮನೆಯ ಕೃಷ್ಣನ ಟೈಲ್ಸೂ, ಗೆರೆ ಎಳೆದವರೂ

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿಮನೆ ಕೆಡವಿದರು. ಹೊಸ ಮನೆ ಕಟ್ಟುತ್ತಾರೆ, ಬೇಜಾರೇನಿಲ್ಲ (ಸುಳ್ಳು, ಇದೆ). ದೇವರಕೋಣೆಯ ಗೋಡೆಯಲ್ಲಿ ಒಂದು ಟೈಲ್ಸ್ ಇತ್ತು. ಅಂಗೈ ಅಗಲದ್ದು, ಕೊಳಲೂದುವ ಕೃಷ್ಣ, ಹಿಂದೊಂದು ಹಸು. ಚಿತ್ರದ ಗೆರೆಗಳೆಲ್ಲ ಉಬ್ಬಿಕೊಂಡಿದ್ದವು. ಮಂಗಳಾರತಿ ಮುಗಿಯುವ ತನಕ ಸುಮ್ಮನೆ ಕೂರಲಾಗದೆ ಆ ಗೆರೆಗಳ ಮೇಲೆ ಬೆರಳಾಡಿಸುತ್ತಾ ಕೂತದ್ದು ನನಗೆ ಚೆನ್ನಾಗಿ ನೆನಪಿದೆ.

"ಅದು ಕೈಯಲ್ಲಿ ಬರೆದದ್ದು ಕಣೋ, ಮೆಹಂದಿ ಕೋನಿನ ಥರದ್ದರಲ್ಲಿ" ಎಂದರು ದೊಡ್ಡಮಾವ. ಅವರಿಗೆ ಅಜ್ಜ ಹೇಳಿದ್ದಂತೆ. ಅಜ್ಜನ ಕಾಲದಲ್ಲಿ ತೀರ್ಥಹಳ್ಳಿಯಲ್ಲಿ ಮೆಹಂದಿ ಕೋನು ಎಲ್ಲಿತ್ತು ಅಂತ ಕೇಳಬೇಡಿ, ಉಪಮೆ ಮಾವನದ್ದೇ. ಆದರೆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಿಜಕ್ಕೂ ಯಾರಾದರೂ ಕೂತು ಬರೆದರೇ? ಯಾರು? ಅಲ್ಲಿಂದ ಶುರುವಾದದ್ದು ಎರಡು ತಿಂಗಳು ನಿದ್ದೆ ಕೆಡಿಸಿತು :-)

ಮೊದಲು ಗೆರೆ ಯಾಕೆ ಬೇಕು ಅನ್ನುವುದು. ಪಿಂಗಾಣಿಯ ಮೇಲೆ ಹೊಳೆಯುವ ಗ್ಲೇಸ್ ಮೂಲತಃ ಗಾಜು. ನುಣ್ಣಗಿನ ಮರಳಿನ ಪುಡಿ, ಅದನ್ನು ಬೇಗ ಕರಗಿಸಲು ಸೀಸವೋ ಸೋಡಾವೋ, ಬಣ್ಣಕ್ಕೆ ಲೋಹದ ಆಕ್ಸೈಡು. ತಾಮ್ರ ಹಾಕಿದರೆ ಹಸಿರು, ಕೋಬಾಲ್ಟ್ ಹಾಕಿದರೆ ನೀಲಿ. ಬಳಿಯುವಾಗ ಅದು ನೀರಲ್ಲಿ ಕಲಸಿದ ಪುಡಿ ಅಷ್ಟೆ, ಹೇಳಿದಲ್ಲಿ ನಿಲ್ಲುತ್ತದೆ. ಆವಿಗೆಯಲ್ಲಿ ಸಾವಿರ ಡಿಗ್ರಿ ಹತ್ತಿರವಾಗುತ್ತಿದ್ದಂತೆ ಕರಗಿ ಜೇನುತುಪ್ಪದ ಹಾಗೆ ಹರಿಯತೊಡಗುತ್ತದೆ. ಪಕ್ಕಪಕ್ಕ ಎರಡು ಬಣ್ಣ ಇದ್ದರೆ ಮುಗಿಯಿತು, ಕೃಷ್ಣನ ನೀಲಿ ಪೀತಾಂಬರಕ್ಕೆ ಇಳಿದು ಎರಡೂ ಕೆಡುತ್ತವೆ. ಹಾಗಾಗಿ ಗದ್ದೆಗೆ ಬದು ಬೇಕಾದ ಹಾಗೆ ಬಣ್ಣಕ್ಕೂ ಒಂದು ಬದು ಬೇಕು. ಸಾವಿರ ಡಿಗ್ರಿಯಲ್ಲೂ ಒಡೆಯದ ಬದು!

ಬದುವೇ ಇಲ್ಲದೆ ಪಾರಾಗುವ ದಾರಿಯೂ ಒಂದಿದೆ. ಒಂದೊಂದು ಬಣ್ಣದ ಬಿಲ್ಲೆಯನ್ನೂ ಬೇರೆಬೇರೆ ಸುಟ್ಟು, ಬೇಕಾದ ಆಕಾರಕ್ಕೆ ಕತ್ತರಿಸಿ ಜೋಡಿಸುವುದು. ಇರಾನಿನವರು ಇದರಲ್ಲಿ ಎತ್ತಿದ ಕೈ. ನಮ್ಮ ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಮುಗಿಸಿದ ಮದರಸಾದ ಗೋಡೆ, ಮಿನಾರುಗಳ ಮೇಲೆ ಅಳಿದುಳಿದಿರುವ ಬಣ್ಣದ ಟೈಲ್ಸು ಆ ಇರಾನಿ ಪರಂಪರೆಯದೇ (ಗಾವಾನ್ ಮೂಲತಃ ಇರಾನಿನ ಗೀಲಾನಿನವನು). ಆದರೆ ಕತ್ತರಿಸಿ ಜೋಡಿಸುವುದಕ್ಕೆ ಕಾಲ ಬೇಕು, ದುಡ್ಡು ಬೇಕು, ಸುಲ್ತಾನನೋ ವಜೀರನೋ ಬೇಕು.

ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಸಮರಕಂದ, ಇರಾನಿನ ಕಡೆಯ ಕುಶಲಕರ್ಮಿಗಳು ಇನ್ನೊಂದು ಉಪಾಯವನ್ನು ಚೆನ್ನಾಗಿ ಪಳಗಿಸಿಕೊಂಡಿದ್ದರು. ಮ್ಯಾಂಗನೀಸಿನ ಕಪ್ಪು ಪುಡಿಯನ್ನು ಎಣ್ಣೆ-ಜಿಡ್ಡಿನಲ್ಲಿ ಕಲಸಿ ಗೆರೆ ಎಳೆಯುವುದು. ಗ್ಲೇಸ್ ಇರುವುದು ನೀರಿನಲ್ಲಿ, ಗೆರೆ ಇರುವುದು ಎಣ್ಣೆಯಲ್ಲಿ. ಎರಡೂ ಕೂಡವು, ಬಣ್ಣ ಗೆರೆ ದಾಟದು. ಬೆಂಕಿಗೆ ಜಿಡ್ಡು ಸುಟ್ಟುಹೋಗಿ ಬಣ್ಣಗಳ ನಡುವೆ ಹೊಳಪಿಲ್ಲದ ಸಣ್ಣ ಕಪ್ಪು ಗೆರೆ ಉಳಿಯುತ್ತದೆ. ಸ್ಪೇನಿನವರು ಇದಕ್ಕಿಟ್ಟ ಹೆಸರು ಕುಏರ್ದಾ ಸೆಕಾ, ಅಂದರೆ ಒಣ ಹುರಿ. ಟರ್ಕಿಯ ಬುರ್ಸಾದ ಹಸಿರು ಮಸೀದಿಯಲ್ಲಿ 1420ರ ದಶಕದಲ್ಲಿ ಮುಗಿದ ಟೈಲ್ಸು ಇದೇ ರೀತಿಯದು. ಅಲ್ಲಿನ ಮಿಹ್ರಾಬಿನ ಮೇಲೆ 'ತಬ್ರೀಜಿನ ಉಸ್ತಾದರ ಕೆಲಸ' ಎಂದು ಬರೆದಿದ್ದಾರೆ. ಒಬ್ಬೊಬ್ಬರ ಹೆಸರಿಲ್ಲ, ಊರಿನ ಹೆಸರಾದರೂ ಇದೆಯಲ್ಲ.

ಸ್ಪೇನಿನ ಸೆವಿಲ್ಯದಲ್ಲಿ ಒಂದು ತಮಾಷೆ ನಡೆಯಿತು. ಅಲ್ಲಿನ ಕುಂಬಾರರ ಕೇರಿ ತ್ರಿಯಾನಾ. ಹದಿನೈದನೆಯ ಶತಮಾನದಲ್ಲಿ ಅವರೂ ಈ ಜಿಡ್ಡಿನ ಗೆರೆ ಎಳೆಯುತ್ತಿದ್ದರು. 1500ರ ಆಸುಪಾಸಿನಲ್ಲಿ ಯಾರಿಗೋ ಹೊಳೆಯಿತು: ಗೆರೆಯನ್ನು ಬರೆಯುವುದೇಕೆ? ಅಚ್ಚಿನಲ್ಲೇ ಕೊರೆದು ಹಸಿ ಮಣ್ಣಿಗೆ ಒತ್ತಿದರೆ ಗೆರೆ ತಾನಾಗಿ ಉಬ್ಬಿ ನಿಲ್ಲುತ್ತದಲ್ಲ! ಬದು ಸಿದ್ಧ, ಮಧ್ಯದ ಗುಳಿಗೆ ಬಣ್ಣ ತುಂಬಿದರಾಯಿತು. ಒಂದು ತಲೆಮಾರಿನೊಳಗೆ ಗೆರೆ ಬರೆಯುವವನ ಕೆಲಸ ಬಹುಪಾಲು ಹೋಯಿತು. 1530ರ ದಶಕದಲ್ಲಿ ಅದೇ ಊರಿನ ಕಾಸಾ ದೆ ಪಿಲಾತೋಸ್ ಅರಮನೆಯ ಗೋಡೆಗಳಿಗೆ ಹಾಕಿದ್ದು ಇಂಥ ಅಚ್ಚಿನ ಟೈಲ್ಸುಗಳನ್ನೇ. ಈ ಸಂಗತಿ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ಮಾವನ ಮೆಹಂದಿ ಕೋನು. ಇದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕಥೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಕುಂಬಾರರು ನುಣ್ಣನೆ ಮಣ್ಣನ್ನು ದೋಸೆಹಿಟ್ಟಿನ ಹದಕ್ಕೆ ಕದಡಿ, ಪುಟ್ಟ ಮಣ್ಣಿನ ಕುಡಿಕೆಗೆ ಹೆಬ್ಬಾತಿನ ಗರಿಯ ಕೊಳವೆ ಸಿಕ್ಕಿಸಿ ತಟ್ಟೆಗಳ ಮೇಲೆ ಗೆರೆ ಬಿಡುತ್ತಿದ್ದರು. ಮೇಲೆ ಸೀಸದ ಗ್ಲೇಸ್. ಜಹಾಂಗೀರು ಒತ್ತುವುದನ್ನು ನೋಡಿದ್ದೀರಲ್ಲ, ಕೈ ನಿಂತರೆ ಉಂಡೆಯಾಗುತ್ತದೆ, ಓಡಿದರೆ ಹರಿಯುತ್ತದೆ, ಅದೇ ಹದ. ಥಾಮಸ್ ಟಾಫ್ಟ್ ಎಂಬಾತ (ತೀರಿದ್ದು 1689ರಲ್ಲಿ) ರಾಜ, ಮತ್ಸ್ಯಕನ್ಯೆ ಎಲ್ಲ ಬರೆದು, ತಟ್ಟೆಯ ಅಂಚಿನಲ್ಲಿ ಇಷ್ಟು ದಪ್ಪ ಅಕ್ಷರದಲ್ಲಿ ತನ್ನದೇ ಹೆಸರು ಬರೆದುಕೊಂಡ. ನನಗೆ ಆತನ ಚಿತ್ರಗಳಿಗಿಂತ ಆ ಧೈರ್ಯ ಇಷ್ಟ.

ಇದೇ ಕೈಚಳಕ ಸುಮಾರು ಇನ್ನೂರು ವರ್ಷದ ಮೇಲೆ ಅದೇ ಸೀಮೆಯ ಕಾರ್ಖಾನೆಗಳಲ್ಲಿ ಟ್ಯೂಬ್ ಲೈನಿಂಗ್ ಎಂಬ ಹೆಸರಲ್ಲಿ ಮರಳಿ ಬಂತು. ಕುಡಿಕೆ ಹೋಗಿ ರಬ್ಬರ್ ಚೀಲ, ಗರಿ ಹೋಗಿ ಗಾಜಿನ ಸಣ್ಣ ಕೊಳವೆ. ಚಿತ್ರದ ಜಾಡನ್ನು ಹೂಜಿಯ ಮೇಲೆ ಮೂಡಿಸಿಕೊಂಡು, ಆ ಜಾಡಿನ ಮೇಲೆ ಚೀಲವನ್ನು ಹಿತವಾಗಿ ಒತ್ತುತ್ತಾ ಗೆರೆ ಬಿಡಬೇಕು. ಒಳಗೊಂದು ಗಾಳಿಗುಳ್ಳೆ ಇದ್ದರೆ ಗೆರೆ ಸಿಡಿಯುತ್ತದೆ. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಬಣ್ಣ ಹೊರಗೆ. ಗೆರೆಯ ಮಣ್ಣೂ ಹೂಜಿಯ ಮಣ್ಣೂ ಒಂದೇ ಸಮ ಕುಗ್ಗದಿದ್ದರೆ ಗೆರೆ ಸಿಪ್ಪೆಯಂತೆ ಎದ್ದುಬರುತ್ತದೆ. ವಿಲಿಯಂ ಮೂರ್‌ಕ್ರಾಫ್ಟ್ 1897ರಲ್ಲಿ ಬರ್ಸ್ಲೆಮ್ಮಿನ ಮ್ಯಾಕಿಂಟೈರ್ ಕಂಪನಿ ಸೇರಿ ಇಂಥ ಹೂಜಿಗಳಿಂದಲೇ ಹೆಸರಾದ, 1913ರಲ್ಲಿ ಸ್ವಂತ ಕಾರ್ಖಾನೆ ಹಾಕಿದ. ಹೂಜಿಯ ತಳದಲ್ಲಿ ಆತನ ಸಹಿ. ಗೆರೆ ಬಿಟ್ಟವರು ಮಾತ್ರ ಬೆಂಚಿನ ಸಾಲಿನಲ್ಲಿ ಕೂತ ಹುಡುಗಿಯರು. ವಿನ್ಯಾಸ ಮೂರ್‌ಕ್ರಾಫ್ಟನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಗೆರೆ?

ಬೆಂಚಿನಿಂದ ಎದ್ದುಬಂದು ಹೆಸರು ಉಳಿಸಿಕೊಂಡವಳು ಶಾರ್ಲೆಟ್ ರೀಡ್ (1885-1947). ಮನೆಮಂದಿಯೆಲ್ಲ ಪಿಂಗಾಣಿಯವರು. ಅವಳೂ ಅಕ್ಕತಂಗಿಯಲ್ಲೊಬ್ಬಳಾದ ಡಾಲಿಯೂ ಹದಿಹರೆಯದಲ್ಲೇ ಟ್ಯೂಬ್ ಹಿಡಿದರು. ಮುಂದೆ ಶಾರ್ಲೆಟ್ ಒಂದಾದ ಮೇಲೊಂದು ಕಾರ್ಖಾನೆಗೆ ಹೋಗಿ ವಿನ್ಯಾಸ ಮಾಡಿದಳು, ಹುಡುಗಿಯರಿಗೆ ಗೆರೆ ಬಿಡುವುದನ್ನು ಕಲಿಸಿದಳು. 1920, 30ರ ದಶಕದ ಅವಳ ಹೂಜಿ-ತಟ್ಟೆಗಳು ಸಾಮಾನ್ಯರ ಮನೆಗೂ ಹೋದವು. ಅವುಗಳ ತಳದಲ್ಲಿ 'ಸಿ. ರೀಡ್' ಎಂಬ ಸಹಿ ಟ್ಯೂಬಿನಿಂದಲೇ ಬರೆದದ್ದು. ಆದರೆ ಆ ಸಹಿಯನ್ನೂ ಹೆಚ್ಚಾಗಿ ಬರೆದವರು ಕೆಲಸದ ಹುಡುಗಿಯರೇ! ಪಕ್ಕದಲ್ಲಿ ಒಂದು ಚುಕ್ಕಿಯೋ ಸಣ್ಣ ಗುರುತೋ ಇರುತ್ತದೆ. ಅಷ್ಟೇ ಅವರ ಪಾಲು.

ಅವಳ ಅಣ್ಣ ಫ್ರೆಡರಿಕ್ ಹರ್ಟನ್ ರೀಡ್ 1902ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲೂ ಈ ಒತ್ತುಚೀಲದ ಕೆಲಸ ಮಾಡಿದ. ವಿಚಿತ್ರ ನೋಡಿ, ಆತ ಲೋಕಪ್ರಸಿದ್ಧನಾದದ್ದು 1936ರ ಫಿಯೆಸ್ಟಾ ತಟ್ಟೆಗಳಿಂದ. ಬರೀ ಬಣ್ಣ, ಉಂಗುರ ಉಂಗುರದ ಅಚ್ಚಿನ ಏಣುಗಳು. ಚಿತ್ರವೇ ಇಲ್ಲ.

ಸರಿ, ನಮ್ಮ ಕೃಷ್ಣ ಎಲ್ಲಿಯವನು? ಇಂಗ್ಲೆಂಡಿನಲ್ಲಿ ಟೈಲ್ಸುಗಳಿಗೂ ಟ್ಯೂಬಿನ ಗೆರೆ ಬಂದಿತ್ತು, ಜನ ಮೆಚ್ಚಿದ್ದರು. ಆದರೆ 1840ರಲ್ಲೇ ರಿಚರ್ಡ್ ಪ್ರಾಸರ್ ಒಣಮಣ್ಣಿನ ಪುಡಿಯನ್ನು ಲೋಹದ ಅಚ್ಚಿನಲ್ಲಿ ಒತ್ತುವ ಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಆ ಅಚ್ಚಿನಲ್ಲೇ ಉಬ್ಬುಗೆರೆ ಕೆತ್ತಿಬಿಟ್ಟರೆ ಟ್ಯೂಬೂ ಬೇಡ, ಹುಡುಗಿಯೂ ಬೇಡ. ಸೆವಿಲ್ಯದ ಕಥೆಯೇ ಮತ್ತೊಮ್ಮೆ, ನಾನೂರು ವರ್ಷ ತಡವಾಗಿ. ಇದನ್ನು ಜಪಾನಿನವರು ಮೇಜಿ ಕಾಲದ ಕೊನೆಗೆ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮಾಲು ಬರುವುದು ಕಷ್ಟವಾದಾಗ ಏಷ್ಯಾದ ಮಾರುಕಟ್ಟೆಗೆ ನುಗ್ಗಿದರು. ಅವಾಜಿ ದ್ವೀಪದ ದಾಂತೋ ಮುಂತಾದ ಕಂಪನಿಗಳು ಭಾರತಕ್ಕೆಂದೇ ಲಕ್ಷ್ಮಿ, ಸರಸ್ವತಿ, ಕೃಷ್ಣನ ಟೈಲ್ಸು ಮಾಡಿದವು. ಮಾದರಿ ಮನೆಮನೆಯಲ್ಲಿದ್ದ ರವಿವರ್ಮನ ಶೈಲಿಯ ಪಟಗಳು. ಚೆಟ್ಟಿನಾಡಿನ ದೊಡ್ಡಮನೆಗಳಿಗೆ ಹೋದವರು ಜಪಾನಿನ ಟೈಲ್ಸು ನೋಡೇ ಇರುತ್ತೀರಿ.

ಗುರುತಿಸುವುದು ಕಷ್ಟವಲ್ಲ. ಟ್ಯೂಬಿನ ಗೆರೆಗೆ ತಲೆ, ಬಾಲ ಇರುತ್ತದೆ. ಶುರುವಾದಲ್ಲಿ ಸಣ್ಣ ಉಂಡೆ, ಮುಗಿದಲ್ಲಿ ಚೂಪು. ಎರಡು ಗೆರೆ ಕೂಡುವಲ್ಲಿ ಒಂದು ಇನ್ನೊಂದನ್ನು ಹತ್ತಿ ಹೋಗಿರುತ್ತದೆ, ಬೆರಳಿಗೆ ತಿಳಿಯುತ್ತದೆ. ಅಚ್ಚಿನದಾದರೆ ಕೂಡುವಲ್ಲೂ ಒಂದೇ ಎತ್ತರ.

ಗೋಡೆ ಕೆಡವುವ ದಿನ ನಾನೇ ಉಳಿ ಹಿಡಿದು, ಅರ್ಧ ದಿನ ಕೂತು, ಕೃಷ್ಣನನ್ನು ಬಿಡಿಸಿದೆ. ಬೆರಳಾಡಿಸಿದೆ. ಕೊಳಲು-ಕೈ ಕೂಡುವಲ್ಲಿ, ಹಸುವಿನ ಕೊಂಬಿನಲ್ಲಿ, ಎಲ್ಲ ಒಂದೇ ಎತ್ತರ. ಹಿಂದೆ ತಿರುಗಿಸಿ ಗಾರೆ ಕೆರೆದರೆ ಚೌಕುಳಿ ಗೀರುಗಳ ನಡುವೆ 'ಮೇಡ್ ಇನ್ ಜಪಾನ್' ಎಂಬ ಇಂಗ್ಲಿಷ್ ಅಕ್ಷರಗಳು. ಮಾವನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. "ಅಪ್ಪಯ್ಯ ಸುಳ್ಳು ಹೇಳುವವರಲ್ಲ" ಎಂದರು ಆಮೇಲೆ. ನನಗೆ ಯಾಕಾದರೂ ತಿರುಗಿಸಿದೆನೋ ಅನ್ನಿಸಿತು.

ತೊಳೆದ ಮೇಲೆ ಇನ್ನೊಂದು ಕಂಡಿತು. ಕೃಷ್ಣನ ಮೊಣಕಾಲ ಹತ್ತಿರ ನೀಲಿ ಒಂದು ಹನಿ ಬದು ದಾಟಿ ಪೀತಾಂಬರಕ್ಕೆ ಬಿದ್ದು ಹಸಿರಾಗಿದೆ. ಗೆರೆ ಅಚ್ಚಿನದಾದರೂ ಬಣ್ಣ ತುಂಬುತ್ತಿದ್ದದ್ದು ಕೈಯಿಂದ. ಅವಾಜಿಯಲ್ಲೋ ಇನ್ನೆಲ್ಲೋ ಯಾರದೋ ಕೈ ಒಂದು ಕ್ಷಣ ಅಲುಗಿದೆ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಹನಿಯನ್ನೇ ನೋಡಿದರು.

ಹೊಸ ದೇವರಕೋಣೆಯಲ್ಲಿ ಅದನ್ನೇ ಕೂರಿಸುವುದು ಅಂತ ತೀರ್ಮಾನವಾಗಿದೆ. ಮೇಸ್ತ್ರಿ ಸಿಮೆಂಟು ಹಾಕಿ ಗಟ್ಟಿ ಮಾಡಿಬಿಡ್ತೀನಿ ಅಂದ. ಬೇಡ ಮಾರಾಯ, ಸುಣ್ಣದ ಗಾರೆಯಲ್ಲೇ ಕೂರಿಸು ಅಂದಿದ್ದೇನೆ, ಮುಂದೆ ಇನ್ಯಾರಾದರೂ ಬಿಡಿಸಿಕೊಳ್ಳಬೇಕಾದರೆ ಒಡೆಯಬಾರದಲ್ಲ. ನಿಮ್ಮ ಹಳೆಮನೆಗಳಲ್ಲೂ ಇಂಥದ್ದು ಇದ್ದರೆ ಗೆರೆ ಕೂಡುವಲ್ಲಿ ಒಮ್ಮೆ ಬೆರಳಿಟ್ಟು ನೋಡಿ. ಟ್ಯೂಬಿನದು ಸಿಕ್ಕರೆ ನನಗೂ ಹೇಳಿ.