ಹಿಂದಿನ ಕೆಂಪು ದೀಪದ ಜಗಳ

ಸೈಕಲ್ಲಿಗೆ ಟ್ರೇಲರ್ ಮಾಡಿಸಿದ್ದನ್ನ ಹೋದ ಸಲ ಬರೆದಿದ್ದೆ. ಎರಡು ಹಳೇ ಸೈಕಲ್ ಚಕ್ರ, ಚೌಕ ಪೈಪು, ಮೇಲೆ ನಾಲ್ಕು ಕ್ರೇಟು. ಸಂತೆಗೆ ಸೊಪ್ಪು ತಗೊಂಡು ಹೋಗೋಕೆ ಧಾರಾಳ ಸಾಕು. ಮಾಡಿಸಿ ಹದಿನೈದು ದಿನ ಆಗಿತ್ತು, ಬೆಳಗಿನ ಜಾವ ನಾಲ್ಕೂವರೆಗೆ ಹಿಂದಿನಿಂದ ಬಂದ ಹಾಲಿನ ವ್ಯಾನು ಕ್ರೇಟಿಗೆ ಒಂದು ಮಾರು ಇರೋವಾಗ ಕಿರ್ರಂತ ನಿಂತಿತು. ಡ್ರೈವರ್ ಹುಡುಗ ಇಳಿದು ಬಂದು, "ಹಿಂದೆ ಒಂದು ಲೈಟ್ ಹಾಕ್ಬಾರ್ದಾ ಯಜಮಾನ್ರೇ?" ಅಂದ. ನನಗೂ ಎದೆ ಹೊಡ್ಕೋತಿತ್ತು, ಸಿಟ್ಟೂ ಬಂತು. "ನಿಂಗೆ ಎರಡೆರಡು ಹೆಡ್‌ಲೈಟ್ ಇದಾವಲ್ಲಪ್ಪ, ನೋಡ್ಕೊಂಡು ಬರ್ಬಾರ್ದಾ?" ಅಂದೆ.

ಈ ಮಾತನ್ನ ಮನೇಲಿ ಹೇಳಿದಾಗ ಮಗಳು ಮೊಬೈಲಲ್ಲಿ ಹುಡುಕಿ ಓದಿ ಹೇಳಿದಳು. ನಾವಿಬ್ಬರೂ ರಸ್ತೇಲಿ ಆಡಿದ ಎರಡೇ ಎರಡು ಮಾತಿನ ಮೇಲೆ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆಯಂತೆ. ಆಮೇಲೆ ನಾನೂ ಕೂತು ಓದಿದೆ.

ಅಲ್ಲಿ 1888ರ ಒಂದು ಕಾನೂನು ಸೈಕಲ್ಲನ್ನೂ ಗಾಡಿ ಅಂತ ಲೆಕ್ಕಕ್ಕೆ ತಗೊಂಡಿತು. ಹೊತ್ತು ಮುಳುಗಿ ಒಂದು ಗಂಟೆ ಆದಮೇಲಿಂದ ಹೊತ್ತು ಹುಟ್ಟೋಕೆ ಒಂದು ಗಂಟೆ ಮುಂಚಿನ ತನಕ ಮುಂದೆ ದೀಪ ಉರೀತಿರಬೇಕು ಅಂತ ನಿಯಮ ಆಯ್ತು. ಹಿಂದಿನ ದೀಪದ ಮಾತೇ ಇಲ್ಲ. ಆಗ ರಸ್ತೇಲಿ ಇದ್ದದ್ದು ಕುದುರೆಗಾಡಿ. ಹಿಂದಿನಿಂದ ಬಂದು ಗುದ್ದುವಷ್ಟು ಜೋರಾಗಿ ಓಡೋದು ಏನಿತ್ತು ಹೇಳಿ? ಮೋಟಾರು ಬಂದಮೇಲೆ ಈ ರಗಳೆ ಶುರುವಾಯ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈಕಲ್ಲಿಗೂ ಹಿಂದಿನ ದೀಪ ಕಡ್ಡಾಯ ಮಾಡಿದರು, ಯುದ್ಧ ಮುಗಿದಮೇಲೆ ಬಿಟ್ಟರು. ಮೋಟಾರಿನವರು ಮತ್ತೆ ಬೇಕು ಅಂದರು. ಸೈಕಲ್ಲಿನವರು ಬೇಡ ಅಂದರು.

ಬೇಡ ಅಂದವರಲ್ಲಿ ಮುಂದೆ ನಿಂತದ್ದು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್, 1878ರಲ್ಲಿ ಶುರುವಾದ ಸಂಘ. ಅವರ ವಾದ ಕೇಳಿದ್ರೆ ಯಾರಾದ್ರೂ ತಲೆದೂಗಬೇಕು. ತನ್ನ ದೀಪದ ಬೆಳಕು ಎಷ್ಟು ದೂರ ಬೀಳುತ್ತೋ ಅಷ್ಟರೊಳಗೆ ನಿಲ್ಲಿಸೋಕೆ ಆಗುವಷ್ಟು ವೇಗದಲ್ಲಿ ಮಾತ್ರ ಮೋಟಾರಿನವನು ಓಡಿಸಬೇಕು. ಹಿಂದಿನಿಂದ ಬರೋನಿಗೆ ಮುಂದಿನದು ಕಾಣುತ್ತೆ, ಮುಂದೆ ಹೋಗೋನಿಗೆ ಹಿಂದಿನದು ಕಾಣಲ್ಲ. ಇವತ್ತು ಸೈಕಲ್ಲಿನವನ ಬೆನ್ನಿಗೆ ದೀಪ ಕಟ್ಟಿದರೆ ನಾಳೆ ನಡ್ಕೊಂಡು ಹೋಗೋನಿಗೂ ಕಟ್ಟು ಅಂತೀರಿ. ದೀಪ ಗಾಳಿಗೆ ಆರಿಹೋದದ್ದು ಸೈಕಲ್ಲಿನವನಿಗೆ ಗೊತ್ತೂ ಆಗಲ್ಲ, ಗುದ್ದಿಸ್ಕೊಂಡ ಮೇಲೆ ತಪ್ಪೂ ಅವನದೇ ಆಗುತ್ತೆ.

1927ರಲ್ಲಿ ರಾಜಿ ಆಯ್ತು. ದೀಪ ಬೇಡ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಗಾಜು ಸಾಕು ಅಂದರು. 1934ರಲ್ಲಿ ಅದರ ಜೊತೆಗೆ ಹಿಂದಿನ ಮಡ್‌ಗಾರ್ಡ್ ಮೇಲೆ 12 ಚದರ ಇಂಚು ಬಿಳಿ ಬಣ್ಣನೂ ಇರಬೇಕು ಅಂದರು. ಈಗ ನಿಮ್ಮ ಮನೆಯ ಹಳೇ ಕರಿ ಸೈಕಲ್ ಹಿಂದೆ ಹೋಗಿ ನೋಡಿ. ಮಡ್‌ಗಾರ್ಡ್ ತುದೀಲಿ ಬಿಳಿ ಪಟ್ಟಿ, ಅದರ ಮೇಲೆ ಕೆಂಪು ಬಿಲ್ಲೆ. ನಮ್ಮಪ್ಪನ ಸೈಕಲ್ಲಲ್ಲೂ ಇತ್ತು. ಚೆಂದಕ್ಕೆ ಅಂತ ತಿಳ್ಕೊಂಡಿದ್ದೆ ನಾನು. ನಮ್ಮ ಕಡೆ ಮೊದಲು ಬಂದ ಸೈಕಲ್ಲುಗಳಲ್ಲಿ ಬಹಳಷ್ಟು ಅಲ್ಲಿನವೇ, ಆಮೇಲೆ ಇಲ್ಲಿ ಮಾಡಿದವೂ ಹೆಚ್ಚಾಗಿ ಅದೇ ಅಚ್ಚಿನವು.

1939ರ ಸೆಪ್ಟೆಂಬರಲ್ಲಿ ಎರಡನೇ ಯುದ್ಧ. ಶತ್ರು ವಿಮಾನಕ್ಕೆ ಕಾಣಬಾರದು ಅಂತ ಬೀದಿದೀಪ ಆರಿಸಿದರು, ಹೆಡ್‌ಲೈಟಿಗೆ ಮುಸುಕು ಹಾಕಿಸಿದರು. ಆ ಒಂದು ತಿಂಗಳಲ್ಲಿ ರಸ್ತೇಲಿ ಸತ್ತವರು ಹಿಂದಿನ ವರ್ಷದ ಸೆಪ್ಟೆಂಬರಿಗಿಂತ ಸುಮಾರು ಎರಡು ಪಟ್ಟು. ಬೆಳಕು ಬೀಳದಿದ್ದ ಮೇಲೆ ಕೆಂಪು ಗಾಜು ಹೊಳೆಯೋದಾದ್ರೂ ಹೆಂಗೆ? ಹಿಂದಿನ ದೀಪ ಕಡ್ಡಾಯ ಆಯ್ತು. 1945ರಲ್ಲಿ ಅದನ್ನ ಖಾಯಂ ಕಾನೂನು ಮಾಡಿದರು. ಸಂಘದವರು ಕೊನೇತನಕ ವಿರೋಧ ಮಾಡಿ ಸೋತರು.

ಓದಿದ ಮೇಲೆ ನಾನು ಸಂಘದವರ ಕಡೆಗೇ ಇದ್ದೆ, ಸುಳ್ಳು ಹೇಳಲ್ಲ. ಒಂದು ವಾರ. ಆಮೇಲೆ ಒಂದು ರಾತ್ರಿ ನೀರು ಕಟ್ಟಿ ಟಿವಿಎಸ್‌ನಲ್ಲಿ ವಾಪಸ್ ಬರ್ತಿದ್ದೆ. ತಿರುವಿನಲ್ಲಿ ಕಬ್ಬಿನ ಟ್ರೇಲರ್ ಕೆಟ್ಟು ನಿಂತಿತ್ತು. ದೀಪ ಇಲ್ಲ, ರೇಡಿಯಂ ಇಲ್ಲ, ಹಿಂದೆ ಎರಡು ಕಲ್ಲು ಇಟ್ಟಿದ್ದರು ಅಷ್ಟೆ. ಎದುರಿಗೆ ಬಂದ ಬಸ್ಸಿನ ಬೆಳಕು ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ. ಕಬ್ಬಿನ ಸೋಗೆ ಕೆನ್ನೆಗೆ ತಗುಲಿದಾಗಲೇ ಗೊತ್ತಾದದ್ದು. ಮಾರನೇ ದಿನ ಟ್ರೇಲರ್ ಯಜಮಾನನಿಗೆ ನಾನು ಹೇಳಿದ್ದೇನು? "ಹಿಂದೆ ಒಂದು ಲೈಟ್ ಹಾಕ್ಬಾರ್ದಾ?" ಆ ಹಾಲಿನ ವ್ಯಾನಿನ ಹುಡುಗನ ಮಾತೇ ನನ್ನ ಬಾಯಲ್ಲಿ ಬಂತು. ಸಂಘದವರ ಲೆಕ್ಕದಲ್ಲಿ ಎದುರು ಬರೋನ ಬೆಳಕು ಕಣ್ಣು ಕಟ್ಟೋದು ಸೇರಿರಲಿಲ್ಲ ಅನ್ಸುತ್ತೆ.

ಇನ್ನು ನನ್ನ ಟ್ರೇಲರ್ ವಿಷಯ. ಸೈಕಲ್ಲಿನ ಬಿಳಿ ಪಟ್ಟಿ, ಕೆಂಪು ಬಿಲ್ಲೆ ಎರಡೂ ಕ್ರೇಟಿನ ಮರೆಗೆ ಹೋಗ್ತವೆ. ಹಂಗಾಗಿ ದೀಪ ಟ್ರೇಲರಿನ ಬಾಲದಲ್ಲೇ ಇರಬೇಕು. ಡೈನಮೊ ಯೋಚನೆ ಮಾಡಿದ್ದೆ. 6 ವೋಲ್ಟಿನ 3 ವ್ಯಾಟ್ ಡೈನಮೊದಲ್ಲಿ ಹಿಂದಿನ ಬಲ್ಬಿಗೆ ಸಿಗೋದು ಅರ್ಧ ವ್ಯಾಟ್ ಚಿಲ್ಲರೆ, ಅದೂ ಸೈಕಲ್ ನಿಂತ ತಕ್ಷಣ ಆರುತ್ತೆ. ಏರಿನಲ್ಲಿ ಇಳಿದು ತಳ್ಳುವಾಗಲೇ ಅಲ್ವಾ ದೀಪ ಬೇಕಾದ್ದು? ಅದಕ್ಕೇ ಚಾರ್ಜ್ ಮಾಡೋ ಎಲ್‌ಇಡಿ ಕೆಂಪು ದೀಪ ಎರಡು ತಂದೆ. ಒಂದೇ ದೀಪ ನಡುವೆ ಇಟ್ಟರೆ ಬರಿ ಸೈಕಲ್ ಅಂತ ತಿಳಿದು ಪಕ್ಕಕ್ಕೇ ನುಗ್ತಾರೆ, ಟ್ರೇಲರಿನ ಅಗಲ ಗೊತ್ತಾಗಲ್ಲ. ಅದಕ್ಕೆ ಎರಡು ತುದಿಗೆ ಒಂದೊಂದು. ಕ್ರೇಟಿಗೆ ಕಟ್ಟಬೇಡಿ, ಕ್ರೇಟು ಇಳಿಸಿದ ದಿನ ದೀಪನೂ ಇಳಿದುಹೋಗುತ್ತೆ. ಚೌಕ ಪೈಪಿಗೇ ಪಟ್ಟಿ ಹಾಕಿ ಬೋಲ್ಟ್ ಮಾಡಿಸಿದೆ. ಸೊಪ್ಪು ಜೋತುಬಿದ್ದು ಮುಚ್ಚದ ಹಾಗೆ ಒಂದು ಗೇಣು ಕೆಳಗೆ. ಚಾರ್ಜ್ ಮರೆತ ದಿನಕ್ಕೆ ಇರಲಿ ಅಂತ ಹಿಂದಿನ ಪೈಪಿನ ಉದ್ದಕ್ಕೂ ಕೆಂಪು ರೇಡಿಯಂ ಅಂಟಿಸಿದೀನಿ.

ರೇಡಿಯಂ ಸುರುಳಿ ಅರ್ಧ ಉಳಿದಿತ್ತು. ಅದನ್ನ ಆ ಕಬ್ಬಿನ ಟ್ರೇಲರ್ ಯಜಮಾನನಿಗೆ ಕೊಟ್ಟೆ. ಅಂಟಿಸಿದಾನೋ ಇಲ್ವೋ, ನಾಳೆ ಆ ಕಡೆ ಹೋದಾಗ ನೋಡ್ಬೇಕು.